ಮೂರು ಹೊತ್ತು ಉಂಡವ ರೋಗಿಯೇ? - ಬೆಳಗಿನ ತಿಂಡಿಯ ಒಂದು ಪುಟ್ಟ ಚರಿತ್ರೆ

"ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡು ಹೋಗಿ!"

ಈ ಗಾದೆ ಕೇಳದ ಕನ್ನಡಿಗರು ಯಾರಿದ್ದಾರೆ ಹೇಳಿ? ನಮ್ಮ ಆಫೀಸಿನಲ್ಲಿ ಈಗ ಇದೇ ಗಾದೆ ಹೊಸ ವೇಷ ಹಾಕಿಕೊಂಡು ಬಂದಿದೆ. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ, ಗಂಟೆ ಎಣಿಸೋಕೆ ಮೊಬೈಲಿನಲ್ಲೊಂದು ಆಪ್. ನನ್ನ ಟೀಮಿನ ಅರ್ಧಕ್ಕರ್ಧ ಜನ ಬೆಳಗಿನ ತಿಂಡಿಗೆ ತಿಲಾಂಜಲಿ ಕೊಟ್ಟಿದ್ದಾರೆ. ಉಳಿದರ್ಧ ಜನ "ಬೆಳಗ್ಗೆ ರಾಜನ ಹಾಗೆ ತಿನ್ನಬೇಕು ಕಣ್ರೀ" ಅಂತ ಮಸಾಲೆ ದೋಸೆ ಮುರಿಯುತ್ತಾ ಉಪದೇಶ ಮಾಡುತ್ತಾರೆ. ಎರಡೂ ಪಾರ್ಟಿಯವರು ಅಷ್ಟೇ ಖಚಿತವಾಗಿ ಮಾತಾಡುತ್ತಾರೆ, ಎರಡೂ ಪಾರ್ಟಿಯವರ ಹತ್ತಿರ 'ರಿಸರ್ಚ್' ಇದೆ.

ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯಕೀಯ ಅಲ್ಲ. ಆದರೆ ಒಂದು ಬಗ್ ಎಲ್ಲಿಂದ ಬಂತು ಅಂತ ಹಳೇ ಕೋಡ್ ಕೆದಕುವ ಚಾಳಿ ನಮ್ಮಂಥವರಿಗೆ ಇದ್ದೇ ಇರುತ್ತದೆ. ಈ ಜಗಳದ ಹಳೇ ಕೋಡನ್ನೂ ಹಾಗೇ ಕೆದಕುತ್ತಾ ಹೋದೆ. ಕೆದಕಿದಷ್ಟೂ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಹಿಂದಿನ ಕಾಲದವರು ತಿಂಡಿ ಬೇಕು ಅಂದಾಗಲೂ ಬೇಡ ಅಂದಾಗಲೂ ಜೊತೆಗೆ 'ಯಾರಿಗೆ' ಅನ್ನೋದನ್ನ ಹೇಳುತ್ತಿದ್ದರು. ಆ 'ಯಾರಿಗೆ' ನಡುವೆ ಎಲ್ಲೋ ಕಳೆದುಹೋಯಿತು. ಅದು ಹೇಗೆ ಅನ್ನೋದೇ ಈ ಬರಹ.

ಮೊದಲು ಪದಗಳನ್ನೇ ನೋಡಿ. ಇಂಗ್ಲಿಷಿನ ಬ್ರೇಕ್‌ಫಾಸ್ಟ್ ಅಂದರೆ ಉಪವಾಸ ಮುರಿಯುವುದು, ಇದು ಎಲ್ಲರಿಗೂ ಗೊತ್ತು. ಫ್ರೆಂಚರ 'ದೆಜೂನೆ' ಅನ್ನುವ ಪದಕ್ಕೂ ಅದೇ ಅರ್ಥ. ಮಜಾ ಏನೆಂದರೆ, ಇಂಗ್ಲಿಷಿನ ಡಿನ್ನರ್ ಪದ ಕೂಡ ಅದೇ ಲ್ಯಾಟಿನ್ ಬೇರಿನಿಂದ ಬಂದದ್ದು! ಅಂದರೆ ದಿನದ ಮೊದಲ ಊಟ ಯಾವಾಗ ಅನ್ನೋದು ಅವರಿಗೂ ಒಂದು ಕಡೆ ನಿಂತ ವಿಷಯವಾಗಿರಲಿಲ್ಲ. ನಮ್ಮ ಉತ್ತರ ಕರ್ನಾಟಕದ ಕಡೆ ದಿನಾ ಬಳಸುವ 'ನಾಷ್ಟಾ' ಪಾರಸಿ ಮೂಲದ್ದು. ಅದರ ಹಳೆಯ ಅರ್ಥ 'ಬೆಳಗಿನಿಂದ ಏನೂ ತಿನ್ನದೆ ಇರುವ' ಅಂತ. ಖಾಲಿ ಹೊಟ್ಟೆಗಿದ್ದ ಹೆಸರು ಹೋಗಿ ಹೊಟ್ಟೆ ತುಂಬುವ ತಿನಿಸಿಗೆ ಅಂಟಿಕೊಂಡಿದೆ.

ಮಧ್ಯಯುಗದ ಯೂರೋಪಿನಲ್ಲಿ ದಿನಕ್ಕೆ ಎರಡು ಊಟ ಅನ್ನೋದು ಮರ್ಯಾದಸ್ಥರ ಲೆಕ್ಕ. ಒಂದು ಹಗಲಿನ ದೊಡ್ಡ ಊಟ, ಇನ್ನೊಂದು ಸಂಜೆಯ ಸಣ್ಣ ಊಟ. ಎದ್ದ ತಕ್ಷಣ ಬಾಯಿಗೆ ಹಾಕಿಕೊಳ್ಳುವುದು ಸಣ್ಣತನ ಅನ್ನುವ ಭಾವನೆ ಇತ್ತು. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಹೊಟ್ಟೆಬಾಕತನದ ಬಗೆಗಳನ್ನು ಪಟ್ಟಿ ಮಾಡುವಾಗ, ಹೊತ್ತಿಗೆ ಮುಂಚೆ ತಿನ್ನುವುದನ್ನೂ ಅದರೊಳಗೆ ಸೇರಿಸಿದ್ದಾನೆ. ಆದರೆ ಈ ಕಟ್ಟುಪಾಡಿನಿಂದ ಕೆಲವರಿಗೆ ವಿನಾಯಿತಿ ಇತ್ತು. ಮಕ್ಕಳು, ಮುದುಕರು, ಕಾಯಿಲೆಯವರು, ಮೈಮುರಿದು ದುಡಿಯುವವರು ಬೆಳಗ್ಗೆ ತಿನ್ನಬಹುದಿತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ.

1542ರಲ್ಲಿ ಆಂಡ್ರೂ ಬೋರ್ಡ್ ಅನ್ನುವ ಇಂಗ್ಲಿಷ್ ವೈದ್ಯ ಆರೋಗ್ಯದ ಬಗ್ಗೆ ಒಂದು ಪುಸ್ತಕ ಬರೆದ. ಆಸಾಮಿ ಮೊದಲು ಸನ್ಯಾಸಿಯಾಗಿದ್ದವನು, ಆಮೇಲೆ ವೈದ್ಯನಾದವನು. ಅವನ ಸಲಹೆ ಬಹಳ ಸರಳ. ಆರಾಮಾಗಿ ಕೂತಿರುವವನಿಗೆ ದಿನಕ್ಕೆರಡು ಊಟ ಸಾಕು, ದುಡಿಯುವವನು ಮೂರು ಸಲ ಉಣ್ಣಬಹುದು. ಅದಕ್ಕಿಂತ ಜಾಸ್ತಿ ತಿನ್ನುವವನದು ಪಶುವಿನ ಬಾಳು ಅಂತಾನೂ ಸೇರಿಸಿದ್ದಾನೆ. ನಮ್ಮ ಗಾದೆಯ ಇಂಗ್ಲಿಷ್ ದಾಯಾದಿ ಅನ್ನಿಸುತ್ತದೆ ಅಲ್ಲವೇ? ಒಂದೇ ವ್ಯತ್ಯಾಸ, ಅವನು ದುಡಿಯುವವನ ಹೆಸರನ್ನು ಬಿಟ್ಟಿಲ್ಲ.

ನಮ್ಮ ಗಾದೆಯಲ್ಲಿ ಆ ದುಡಿಯುವವ ಎಲ್ಲಿ ಹೋದ? ಯೋಗಿ ಇದ್ದಾನೆ, ಭೋಗಿ ಇದ್ದಾನೆ, ರೋಗಿ ಇದ್ದಾನೆ. ನೇಗಿಲು ಹಿಡಿದವನು ಇಲ್ಲ. ಆದರೆ ಊರಿನೊಳಗೆ ಅವನು ಇದ್ದೇ ಇದ್ದ. ಸ್ನಾನ-ಪೂಜೆ ಮುಗಿಯುವ ತನಕ ತೊಟ್ಟು ನೀರೂ ಮುಟ್ಟದೆ ಹತ್ತು-ಹನ್ನೊಂದಕ್ಕೆ ನೇರ ಊಟಕ್ಕೇ ಕೂರುವ ಮನೆಗಳಿದ್ದ ಊರಿನಲ್ಲೇ, ಹೊತ್ತಾರೆ ಎದ್ದು ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದು ಹೊಲಕ್ಕೆ ಹೋಗುವ ಮನೆಗಳೂ ಇದ್ದವು. ಕರಾವಳಿಯಲ್ಲಾದರೆ ಗಂಜಿ, ಬಯಲುಸೀಮೆಯಲ್ಲಾದರೆ ಅಂಬಲಿ, ಉತ್ತರದ ಕಡೆ ರಾತ್ರಿಯ ರೊಟ್ಟಿ. ಇವರನ್ನು ಯಾರೂ ರೋಗಿ ಅಂತ ಕರೆಯಲಿಲ್ಲ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಎಕರೆಗಟ್ಟಲೆ ಕೆಲಸ ಮುಗಿಸಬೇಕಾದವನಿಗೆ ಅದು ಮೊದಲ ಊಟ, ಚಪಲದ ತಿಂಡಿ ಅಲ್ಲ. ಗಾದೆ ಹುಟ್ಟಿದ್ದು ಜಗಲಿಯ ಮೇಲೆ, ಗದ್ದೆಯಲ್ಲಲ್ಲ ಅಂತ ನನ್ನ ಗುಮಾನಿ.

ಈಗ ಅಮೆರಿಕಕ್ಕೆ ಬರೋಣ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಬೆಳಗಿನ ತಿಂಡಿ ಅಂದರೆ ಮಾಂಸ, ಮೊಟ್ಟೆ, ಬ್ರೆಡ್ಡು ಎಲ್ಲಾ ಸೇರಿದ ಭರ್ಜರಿ ಬ್ಯಾಟಿಂಗು. ಹೊಲದಲ್ಲಿ ದುಡಿಯುತ್ತಿದ್ದ ಮಂದಿ ಪೇಟೆಗೆ ಬಂದು ಕುರ್ಚಿಯಲ್ಲಿ ಕೂತರೂ ತಟ್ಟೆ ಮಾತ್ರ ಹಳೆಯದೇ ಉಳಿದಿತ್ತು. ಅಜೀರ್ಣ ಆಗದೆ ಇನ್ನೇನಾದೀತು? ಇದಕ್ಕೆ ಎರಡು ಥರದ ಪರಿಹಾರಗಳು ಹುಟ್ಟಿಕೊಂಡವು. ತಮಾಷೆಯೆಂದರೆ ಇವತ್ತಿನ ನಮ್ಮ ಎರಡೂ ಪಾರ್ಟಿಗಳ ಮೂಲಪುರುಷರು ಅಲ್ಲೇ ಸಿಗುತ್ತಾರೆ.

ಮೊದಲನೆಯವನು ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಿನ ಡಾಕ್ಟರ್ ಎಡ್ವರ್ಡ್ ಹೂಕರ್ ಡ್ಯೂಯಿ. ಬೆಳಗಿನ ತಿಂಡಿಯನ್ನು ಪೂರ್ತಿ ಬಿಟ್ಟುಬಿಡಿ ಅನ್ನೋದು ಇವನ ವಾದ. 1900ರಲ್ಲಿ 'ನೋ ಬ್ರೇಕ್‌ಫಾಸ್ಟ್ ಪ್ಲಾನ್' ಅಂತಲೇ ಶೀರ್ಷಿಕೆಯಲ್ಲಿಟ್ಟು ಪುಸ್ತಕ ತಂದ. ಇವತ್ತಿನ ಆಪ್‌ಗಳಿಗೆ ಒಬ್ಬ ಅಜ್ಜ ಅಂತಿದ್ದರೆ ಇವನೇ.

ಎರಡನೆಯವರು ಮಿಶಿಗನ್‌ನ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದವರು. ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಅದರ ಮುಖ್ಯಸ್ಥ. ಅವರ ಪಂಥದಲ್ಲೂ ದಿನಕ್ಕೆ ಎರಡೇ ಊಟ ಒಳ್ಳೆಯದು ಅನ್ನುವ ಬೋಧನೆ ಇತ್ತು, ಆದರೆ ಬಿಡಬೇಕಾದದ್ದು ರಾತ್ರಿಯ ಊಟವನ್ನು! ಬೆಳಗ್ಗೆ ಹಗುರವಾದ ಧಾನ್ಯ ತಿನ್ನಿ ಅಂತ ರೋಗಿಗಳಿಗಾಗಿ ಮಾಡಿದ ಧಾನ್ಯದ ಹಪ್ಪಳದಂಥ ಚೂರುಗಳೇ ಮುಂದೆ ಕಾರ್ನ್‌ಫ್ಲೇಕ್ಸ್ ಆದವು. 1906ರಲ್ಲಿ ತಮ್ಮ ವಿಲ್ ಕೀತ್ ಕೆಲಾಗ್ ಅದಕ್ಕಾಗಿ ಕಂಪನಿಯನ್ನೇ ತೆರೆದ. 1917ರಲ್ಲಿ ಆ ಆರೋಗ್ಯಧಾಮದ ಪತ್ರಿಕೆಯಲ್ಲಿ ಲೆನ್ನಾ ಕೂಪರ್ ಅನ್ನುವ ಆಹಾರತಜ್ಞೆ, ಅನೇಕ ರೀತಿಯಲ್ಲಿ ಬೆಳಗಿನ ತಿಂಡಿಯೇ ದಿನದ ಅತಿ ಮುಖ್ಯ ಊಟ ಅನ್ನುವ ಅರ್ಥದ ಮಾತು ಬರೆದರು. ಇವತ್ತು ಎಲ್ಲರ ಬಾಯಲ್ಲಿರುವ ಆ ಸ್ಲೋಗನ್ನಿನ ಹಳೇ ರೂಪ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಅದೇ ಲೇಖನ.

ಇಲ್ಲಿಂದ ಮುಂದೆ ಆಸ್ಪತ್ರೆಯ ಸಲಹೆ ಅಂಗಡಿಯ ಸರಕಾಯಿತು. ರೋಗಿಯೊಬ್ಬನಿಗೆ ಹೇಳಿದ ಪಥ್ಯವನ್ನು ಡಬ್ಬಿಯಲ್ಲಿ ತುಂಬಿ ಮಾರಬೇಕಾದರೆ 'ಯಾರಿಗೆ' ಅನ್ನುವ ಪ್ರಶ್ನೆ ಅಡ್ಡ ಬರುತ್ತದೆ. ಗಿರಾಕಿ ಎಲ್ಲರೂ ಆಗಬೇಕಲ್ಲ! 1920ರ ದಶಕದಲ್ಲಿ ಎಡ್ವರ್ಡ್ ಬರ್ನೇಸ್ ಅನ್ನುವ ಪ್ರಚಾರ ಪಂಡಿತ ಒಂದು ಹಂದಿಮಾಂಸದ ಕಂಪನಿಗಾಗಿ ಇದೇ ಆಟ ಆಡಿದ. ಅವನೇ ಹೇಳಿಕೊಂಡ ಪ್ರಕಾರ, ಹಗುರವಾದ ತಿಂಡಿಗಿಂತ ಭಾರಿ ತಿಂಡಿ ಒಳ್ಳೆಯದಲ್ಲವೇ ಅಂತ ಸಾವಿರಾರು ಡಾಕ್ಟರುಗಳಿಗೆ ಕಾಗದ ಬರೆಸಿ, ಹೌದು ಅಂದವರ ಲೆಕ್ಕವನ್ನು ಪತ್ರಿಕೆಗಳಿಗೆ ಕೊಟ್ಟ. ಅಮೆರಿಕನ್ನರ ತಟ್ಟೆಯಲ್ಲಿ ಬೇಕನ್ ಮತ್ತು ಮೊಟ್ಟೆ ಭದ್ರವಾಗಿ ಕೂತದ್ದರಲ್ಲಿ ಈ ಪ್ರಚಾರದ ಪಾಲೂ ಇದೆ. ಮುಂದೆ ತಿಂಡಿ ಬಿಟ್ಟರೆ ಕೆಲಸದ ಶಕ್ತಿ ಎಷ್ಟು ಕುಗ್ಗುತ್ತದೆ, ಕೈ ಎಷ್ಟು ನಡುಗುತ್ತದೆ ಅಂತೆಲ್ಲ ಅಳೆದ ಅಯೋವಾ ವಿಶ್ವವಿದ್ಯಾಲಯದ ಪ್ರಯೋಗಗಳು ಬಂದವು. ಅವುಗಳ ಒಟ್ಟು ಸಾರಾಂಶವನ್ನು 1962ರಲ್ಲಿ ಪುಸ್ತಕವಾಗಿ ಹೊರತಂದದ್ದು ಯಾರು ಗೊತ್ತೇ? ಸೀರಿಯಲ್ ಇನ್‌ಸ್ಟಿಟ್ಯೂಟ್, ಅಂದರೆ ಧಾನ್ಯದ ಡಬ್ಬಿ ಮಾರುವವರದೇ ಸಂಸ್ಥೆ!

ಇವೆಲ್ಲದರ ನಡುವೆ ನನಗೆ ತುಂಬಾ ಇಷ್ಟವಾದ ಪ್ರಯೋಗಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಅದನ್ನು ಮಾಡಿದವರು ಜೋಹಾನ್ಸ್‌ಬರ್ಗಿನ ಒಬ್ಬ ವಕೀಲರು, ಮೋಹನದಾಸ ಕರಮಚಂದ ಗಾಂಧಿ.

1903ರಿಂದ ಗಾಂಧಿ ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ಮಾಡುತ್ತಿದ್ದರು. ಲಂಡನ್ನಿನಲ್ಲಿ ಓದುವಾಗ ತಾವೇ ಸ್ಟೌ ಹಚ್ಚಿ ಓಟ್ಸ್ ಗಂಜಿ ಬೇಯಿಸಿ ತಿಂದವರು, ತಿಂಡಿ ಅವರಿಗೆ ಹೊಸದಲ್ಲ. ಜೋಹಾನ್ಸ್‌ಬರ್ಗಿನ ಹೊತ್ತಿಗೆ ಅವರಿಗೆ ಮಲಬದ್ಧತೆ, ಆಗಾಗ ತಲೆನೋವು. ಮ್ಯಾಂಚೆಸ್ಟರಿನಲ್ಲಿ 'ತಿಂಡಿ ಬಿಡುವವರ ಸಂಘ' ಶುರುವಾಗಿದೆ ಅಂತ ಪತ್ರಿಕೆಯಲ್ಲಿ ಓದುತ್ತಾರೆ. ಇಂಗ್ಲಿಷರು ಪದೇಪದೇ ತಿನ್ನುತ್ತಾರೆ, ಅತಿಯಾಗಿ ತಿನ್ನುತ್ತಾರೆ, ಆದ್ದರಿಂದ ಬೆಳಗಿನ ತಿಂಡಿಯನ್ನಾದರೂ ಬಿಡಲಿ ಅನ್ನೋದು ಆ ಸಂಘದ ವಾದ.

ಇಲ್ಲಿ ಗಾಂಧಿಯವರ ತಲೆ ಓಡುವ ರೀತಿ ನೋಡಿ. ಸಂಘ ಹೇಳಿತು ಅಂತ ಅವರು ತಿಂಡಿ ಬಿಡಲಿಲ್ಲ. ಈ ವಾದ ನನಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಅಂತ ಮೊದಲು ತಮ್ಮನ್ನೇ ಕೇಳಿಕೊಂಡರು. ಸ್ವಲ್ಪ ಮಟ್ಟಿಗೆ ಹೊಂದುತ್ತದೆ ಅನ್ನಿಸಿತು. ಯಾಕೆಂದರೆ ದಿನಕ್ಕೆ ಮೂರು ಹೊತ್ತು ಗಡದ್ದಾಗಿ ಊಟ, ಅದರ ಮೇಲೆ ಮಧ್ಯಾಹ್ನದ ಟೀ. ತಾನೇನೂ ಮಿತಾಹಾರಿ ಆಗಿರಲಿಲ್ಲ, ಆರು-ಏಳು ಗಂಟೆಗೆ ಮುಂಚೆ ಏಳುತ್ತಲೂ ಇರಲಿಲ್ಲ ಅಂತ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಹಾಗಾದರೆ ತಿಂಡಿ ಬಿಟ್ಟರೆ ತಲೆನೋವು ಹೋಗಬಹುದೇ? ಪ್ರಯೋಗ ಶುರು. ಕೆಲವು ದಿನ ಕಷ್ಟವಾಯಿತು, ಆಮೇಲೆ ತಲೆನೋವು ಪೂರ್ತಿ ಹೋಯಿತು. ಅವರು ತೆಗೆದ ತೀರ್ಮಾನ ಬಹಳ ಚಿಕ್ಕದು: ನಾನು ಬೇಕಾದದ್ದಕ್ಕಿಂತ ಹೆಚ್ಚು ತಿನ್ನುತ್ತಿದ್ದೆ.

ಗಮನಿಸಿ, 'ಬೆಳಗಿನ ತಿಂಡಿ ವಿಷ' ಅನ್ನುವ ತೀರ್ಮಾನಕ್ಕೆ ಅವರು ಬರಲಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡಲಿಲ್ಲ. ತಲೆನೋವು ಹೋದರೂ ಮಲಬದ್ಧತೆ ಹೋಗಲಿಲ್ಲ. ಅದಕ್ಕಾಗಿ ನೀರಿನ ಚಿಕಿತ್ಸೆ, ಮಣ್ಣಿನ ಪಟ್ಟಿ ಅಂತ ಬೇರೆ ದಾರಿ ಹಿಡಿದರು. ಒಂದು ಪ್ರಯೋಗದಿಂದ ಏನು ಸರಿಹೋಯಿತು, ಏನು ಸರಿಹೋಗಲಿಲ್ಲ ಅಂತ ಎರಡನ್ನೂ ಬರೆದಿಡುವವನನ್ನು ನಮ್ಮ ಫೀಲ್ಡಿನಲ್ಲಿ ಒಳ್ಳೆಯ ಟೆಸ್ಟರ್ ಅಂತ ಕರೆಯುತ್ತೇವೆ :-)

1913ರಲ್ಲಿ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಗುಜರಾತಿಯಲ್ಲಿ ಲೇಖನಮಾಲೆ ಬರೆದಾಗ ಗಾಂಧಿ ಡಾಕ್ಟರ್ ಡ್ಯೂಯಿಯನ್ನು ಹೊಗಳುತ್ತಾರೆ, ದಿನಕ್ಕೆರಡು ಊಟ ಸಾಕು ಅಂತ ತಮ್ಮ ಅನುಭವವನ್ನೂ ಹೇಳುತ್ತಾರೆ. ಆದರೆ ಆ ಮಾತು ಯಾರಿಗೆ? ಯೌವನ ದಾಟಿದ, ಮೈಯ ಬೆಳವಣಿಗೆ ಪೂರ್ತಿಯಾದ ಮನುಷ್ಯನಿಗೆ. ಆಂಡ್ರೂ ಬೋರ್ಡ್ ಬಿಡದ ಆ 'ಯಾರಿಗೆ'ಯನ್ನು ಗಾಂಧಿಯೂ ಬಿಡಲಿಲ್ಲ.

ಇದೆಲ್ಲ ನನಗ್ಯಾಕೆ ಇಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ. ಊರಲ್ಲಿರುವ ನಮ್ಮಪ್ಪನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಒಂದು ಗ್ಲಿಮೆಪಿರೈಡ್ ಮಾತ್ರೆ. ಕಳೆದ ವರ್ಷ ಯಾರೋ ವಾಟ್ಸಾಪಿನಲ್ಲಿ ಒಂದು ಮೆಸೇಜು ಕಳಿಸಿದ್ದರು. ಮೇಲೆ ನಮ್ಮ ಗಾದೆ, ಕೆಳಗೆ ಗಾಂಧೀಜಿ ಫೋಟೋ, ತಿಂಡಿ ಬಿಟ್ಟರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದೆ ಅಂತ ಒಕ್ಕಣೆ. ಅಪ್ಪ ಯಾರಿಗೂ ಹೇಳದೆ ತಿಂಡಿ ಬಿಟ್ಟರು, ಮಾತ್ರೆ ಬಿಡಲಿಲ್ಲ. ಮೂರನೇ ದಿನ ಹತ್ತೂವರೆ ಹೊತ್ತಿಗೆ ಮೈಯೆಲ್ಲಾ ಬೆವೆತು, ಕೈಕಾಲು ನಡುಗಿ, ಮಾತು ತೊದಲತೊಡಗಿತಂತೆ. ಅಮ್ಮ ಅಡುಗೆಮನೆಯಿಂದ ಓಡಿಬಂದು ಸಕ್ಕರೆ ನೀರು ಕುಡಿಸಿದ್ದರಿಂದ ಉಳಿದರು. ಆ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಗೆ ಏನು ಬಂದಿದೆ ಅಂತ ಕಾಯುತ್ತಾ ಕೂರುವುದಿಲ್ಲ. ಊಟವಿಲ್ಲದ ಇನ್ಸುಲಿನ್ ರಕ್ತದ ಸಕ್ಕರೆಯನ್ನು ತಳಕ್ಕೆ ಇಳಿಸುತ್ತದೆ. ಮೆಸೇಜಿನಲ್ಲಿದ್ದ ಗಾದೆ ಸರಿ, ಫೋಟೋ ಸರಿ. ಇಲ್ಲದೆ ಹೋದದ್ದು 'ಯಾರಿಗೆ' ಅನ್ನುವ ಒಂದೇ ಪದ.

ಈಗಿನ ವಿಜ್ಞಾನ ಏನನ್ನುತ್ತದೆ? ವಿಚಿತ್ರವೆಂದರೆ ಅದೂ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬಂದಿದೆ.

ತಿಂಡಿ ಬಿಡುವವರಲ್ಲಿ ಕಾಯಿಲೆ ಜಾಸ್ತಿ ಅಂತ ಹೇಳುವ ಸರ್ವೆಗಳು ಬೇಕಾದಷ್ಟಿವೆ. 2013ರಲ್ಲಿ ಅಮೆರಿಕದ ಸುಮಾರು 27 ಸಾವಿರ ಗಂಡಸರ ಅಧ್ಯಯನವೊಂದರಲ್ಲಿ ತಿಂಡಿ ಬಿಡುವವರಿಗೆ ಹೃದಯದ ಕಾಯಿಲೆಯ ಅಪಾಯ ಶೇ. 27ರಷ್ಟು ಹೆಚ್ಚು ಕಂಡಿತು. ಆದರೆ ತಿಂಡಿ ಬಿಡುವವರು ಸಿಗರೇಟು ಸೇದುವವರೂ, ವ್ಯಾಯಾಮ ಮಾಡದವರೂ ಆಗಿರುವುದು ಹೆಚ್ಚು. ಲೆಕ್ಕದಲ್ಲಿ ಇವನ್ನೆಲ್ಲ ಕಳೆಯಲು ಪ್ರಯತ್ನಿಸುತ್ತಾರೆ, ಆದರೂ ತಪ್ಪು ತಿಂಡಿಯದೋ ಜೀವನಶೈಲಿಯದೋ ಅಂತ ಪೂರ್ತಿ ಬಿಡಿಸುವುದು ಕಷ್ಟ. ಅದಕ್ಕೇ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಬೇಕು. 2014ರಲ್ಲಿ ಹಾಗೆ ಪ್ರಕಟವಾದ ಒಂದು ಪ್ರಯೋಗದಲ್ಲಿ ತೂಕ ಇಳಿಸಲು ಹೊರಟ 309 ಜನರಿದ್ದರು. ಕೆಲವರಿಗೆ ತಿಂಡಿ ತಿನ್ನಿ ಅಂತ, ಕೆಲವರಿಗೆ ಬಿಡಿ ಅಂತ ಸಲಹೆ. ಹದಿನಾರು ವಾರದ ಮೇಲೆ ತೂಗಿದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ 13 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ತಿಂಡಿ ಬಿಟ್ಟವರು ದಿನಕ್ಕೆ ಸುಮಾರು 260 ಕ್ಯಾಲೊರಿ ಕಡಿಮೆ ತಿಂದಿದ್ದರು, ತೂಕದಲ್ಲಿ ಅರ್ಧ ಕಿಲೋದಷ್ಟೂ ಫರಕು ಇರಲಿಲ್ಲ. ಈ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ ಅಂತ ಬರೆದವರೇ ಎಚ್ಚರಿಸಿದ್ದಾರೆ. ಅಂದರೆ ರಾಜನ ಪಾರ್ಟಿಯೂ ಗೆಲ್ಲಲಿಲ್ಲ, ಯೋಗಿಯ ಪಾರ್ಟಿಯೂ ಗೆಲ್ಲಲಿಲ್ಲ.

ಆದರೆ 'ಯಾರಿಗೆ' ಅಂತ ಕೇಳಿದ ಪ್ರಯೋಗಗಳು ಸ್ಪಷ್ಟವಾಗಿ ಮಾತಾಡುತ್ತವೆ. 1989ರಲ್ಲಿ ಜಮೈಕಾದ ಶಾಲಾ ಮಕ್ಕಳ ಮೇಲಿನ ಒಂದು ಅಧ್ಯಯನ ಪ್ರಕಟವಾಯಿತು. ಒಂದು ದಿನ ತಿಂಡಿ ಕೊಟ್ಟು, ಇನ್ನೊಂದು ದಿನ ಕೊಡದೆ ಅದೇ ಮಕ್ಕಳಿಗೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಚೆನ್ನಾಗಿ ಉಂಡು ಬೆಳೆದ ಮಕ್ಕಳಿಗೆ ಹಿನ್ನಡೆಯಾಗಲಿಲ್ಲ. ಅಪೌಷ್ಟಿಕತೆಯಿಂದ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳು ತಿಂಡಿಯಿಲ್ಲದ ದಿನ ಹಿಂದೆ ಬಿದ್ದರು. ಒಂದೇ ಬೆಳಗು, ಒಂದೇ ಖಾಲಿ ಹೊಟ್ಟೆ, ಎರಡು ಫಲಿತಾಂಶ. ಕರ್ನಾಟಕದಲ್ಲಿ 2013ರಲ್ಲಿ ಕ್ಷೀರಭಾಗ್ಯ ಅಂತ ಶಾಲೆಯಲ್ಲಿ ಹಾಲು ಕೊಡಲು ಶುರು ಮಾಡಿದ್ದು, ತಮಿಳುನಾಡಿನಲ್ಲಿ 2022ರಲ್ಲಿ ಶಾಲಾ ಮಕ್ಕಳಿಗೆ ಬೆಳಗಿನ ತಿಂಡಿಯ ಯೋಜನೆ ಶುರುವಾಗಿದ್ದು ಎಷ್ಟು ದೊಡ್ಡ ಕೆಲಸ ಅಂತ ಇದನ್ನು ಓದಿದ ಮೇಲೆ ಅನ್ನಿಸಿತು. ಏರ್ ಕಂಡೀಷನ್ ಕೋಣೆಯಲ್ಲಿ ಕೂತ ನಮಗೆ ಸಲ್ಲುವ ಉಪದೇಶ, ಮೂರು ಮೈಲಿ ನಡೆದು ಸ್ಕೂಲಿಗೆ ಬರುವ ಮಗುವಿಗೆ ಸಲ್ಲುವುದಿಲ್ಲ.

2015ರಲ್ಲಿ ಸಕ್ಕರೆ ಕಾಯಿಲೆಯ 22 ಜನರ ಮೇಲೆ ನಡೆದ ಸಣ್ಣ ಪ್ರಯೋಗದ ಫಲಿತಾಂಶ ಬಂತು. ತಿಂಡಿ ಬಿಟ್ಟ ದಿನ ಅವರ ಮಧ್ಯಾಹ್ನದ ಮತ್ತು ರಾತ್ರಿಯ ಊಟದ ನಂತರದ ಸಕ್ಕರೆ ಇನ್ನೂ ಮೇಲೇರಿತ್ತು. ಇನ್ನು ಇಂಗ್ಲೆಂಡಿನ ಬಾತ್ ನಗರದ ಸಂಶೋಧಕರು ತೆಳ್ಳಗಿನ ಆರೋಗ್ಯವಂತರನ್ನು ಆರು ವಾರ ಗಮನಿಸಿ 2014ರಲ್ಲಿ ವರದಿ ಕೊಟ್ಟರು. ತೂಕದಲ್ಲಿ ವ್ಯತ್ಯಾಸವಿಲ್ಲ, ಆದರೆ ತಿಂಡಿ ಬಿಟ್ಟವರು ತಮಗೇ ಗೊತ್ತಿಲ್ಲದೆ ಓಡಾಟ ಕಡಿಮೆ ಮಾಡಿದ್ದರು.

ಹಾಗಾದರೆ ನನಗೆ ಹೊಂದುತ್ತದೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಗಾಂಧಿಯವರ ದಾರಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಮುಂಚೆ ಹಳಬರ ವಿನಾಯಿತಿ ಪಟ್ಟಿ ನೋಡಿಕೊಳ್ಳಿ. ಬೆಳೆಯುವ ಮಕ್ಕಳು, ಬಸುರಿ-ಬಾಣಂತಿಯರು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರು, ಊಟದ ವಿಷಯದಲ್ಲಿ ಮನಸ್ಸು ಹಿಂದೆ ಕಾಯಿಲೆ ಬಿದ್ದವರು, ನಿಶ್ಶಕ್ತಿ ಇರುವ ವಯಸ್ಸಾದವರು. ಇವರಿಗೆ ಇದು ಮನೆಯಲ್ಲಿ ಮಾಡಿ ನೋಡುವ ಪ್ರಯೋಗವೇ ಅಲ್ಲ, ಡಾಕ್ಟರನ್ನು ಕೇಳಲೇಬೇಕು.

ಪಟ್ಟಿಯಲ್ಲಿ ಇಲ್ಲದವರು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ದೋಸೆ ಜೊತೆ ಫಿಲ್ಟರ್ ಕಾಫಿಯನ್ನೂ ಬಿಟ್ಟರೆ, ಮಾರನೇ ದಿನದ ತಲೆನೋವು ಹಸಿವಿನದೋ ಕಾಫಿಯದೋ ಹೇಗೆ ಹೇಳುತ್ತೀರಿ? ಮೊದಲ ಕೆಲವು ದಿನದ ಸಂಕಟ ನೋಡಿ ತೀರ್ಪು ಕೊಡಬೇಡಿ, ದಿನಾ ತಿನ್ನುವ ಹೊತ್ತಿಗೆ ಹಸಿವಿನ ಹಾರ್ಮೋನು ಅಭ್ಯಾಸಬಲದಿಂದ ಏರುತ್ತದೆ. ಎರಡು ವಾರ ತಿಂದು, ಎರಡು ವಾರ ಬಿಟ್ಟು ಬರೆದಿಡಿ. ಹನ್ನೊಂದು ಗಂಟೆಗೆ ಕೆಲಸದಲ್ಲಿ ಗಮನ ಇತ್ತೇ, ಮಧ್ಯಾಹ್ನ ಎಷ್ಟು ತಿಂದೆ, ರಾತ್ರಿ ಹತ್ತಕ್ಕೆ ಕುರುಕಲು ಡಬ್ಬಕ್ಕೆ ಕೈ ಹೋಯಿತೇ, ಎಷ್ಟು ನಡೆದೆ, ಮನೆಯವರ ಮೇಲೆ ಎಷ್ಟು ಸಲ ರೇಗಿದೆ. ಕೊನೆಯದನ್ನು ಮನೆಯವರನ್ನೇ ಕೇಳಿ ಬರೆಯುವುದು ಒಳ್ಳೆಯದು :-) ತಲೆಸುತ್ತು, ಬೆವರು, ನಡುಕ ಬಂದರೆ ಪ್ರಯೋಗ ಅಲ್ಲಿಗೇ ಮುಗಿಯಿತು, ಮೊದಲು ತಿನ್ನಿ.

ಉತ್ತರ ಏನು ಬಂದರೂ ಅದು ನಿಮ್ಮದು, ನಿಮ್ಮ ಈಗಿನ ವಯಸ್ಸಿನದು, ಈಗಿನ ಕೆಲಸದ್ದು. ಅದನ್ನು ಫಾರ್ವರ್ಡ್ ಮಾಡುವ ಮುಂಚೆ ಯಾರಿಗೆ ಅಂತ ಒಂದು ಪದ ಸೇರಿಸಿ, ಅಷ್ಟು ಸಾಕು.

ಅಂದ ಹಾಗೆ, ನಮ್ಮ ಗಾದೆಗೆ ನೇಗಿಲು ಹಿಡಿದವನನ್ನೂ ಸೇರಿಸಿಕೊಂಡ ಬೇರೆ ರೂಪ ಏನಾದರೂ ನಿಮ್ಮೂರ ಕಡೆ ಇದೆಯೇ? ಇದ್ದರೆ ದಯವಿಟ್ಟು ತಿಳಿಸಿ. ಅಂಥದ್ದೊಂದು ಇದ್ದೇ ಇರಬೇಕು ಅಂತ ನನಗೆ ಬಲವಾದ ನಂಬಿಕೆ.